ತಾತನ ಬೀರುವಿನಲ್ಲಿದ್ದ ರಿವಾಲ್ವರ್

ಒಂದು ಭಾನುವಾರ ಬೆಳಿಗ್ಗೆ ಬಸವೇಶ್ವರನಗರದ ನಮ್ಮ ಮನೆಗೆ ಹತ್ತನೇ ತರಗತಿಯ ಹುಡುಗನೊಬ್ಬ ತಾಯಿಯ ಜೊತೆ ಬಂದ. ಟ್ಯೂಷನ್ ವಿಷಯವಿರಬೇಕು ಎಂದುಕೊಂಡು ಒಳಗೆ ಕಾಫಿಗೆ ಹೇಳಿದೆ. ತಾಯಿ ಕುರ್ಚಿಯಲ್ಲಿ ಕೂತವರೇ ಕಣ್ಣೊರೆಸಿಕೊಳ್ಳತೊಡಗಿದರು. ಹುಡುಗ ನೆಲ ನೋಡುತ್ತಿದ್ದ.

ಸಂಗತಿ ಇಷ್ಟು. ಹುಡುಗನ ತಾತ ಕೊಡಗಿನವರು, ಸೈನ್ಯದಲ್ಲಿದ್ದು ನಿವೃತ್ತರಾದವರು. ವಿಜಯನಗರದ ಮಗನ ಮನೆಯಲ್ಲೇ ಇದ್ದು ತೀರಿಕೊಂಡಿದ್ದರು. ತಿಂಗಳು ಕಳೆದ ಮೇಲೆ ಬೀರು ಖಾಲಿ ಮಾಡುವಾಗ ಬಟ್ಟೆಯಲ್ಲಿ ಸುತ್ತಿಟ್ಟ ಹಳೆಯ .32 ರಿವಾಲ್ವರ್ ಸಿಕ್ಕಿತು. ಇಂಗ್ಲೆಂಡಿನಲ್ಲಿ ತಯಾರಾದದ್ದು, ಉದ್ದನೆಯ ನಳಿಗೆ, ತಿರುಪು ತಿರುಗಿಸಿ ಸರಿಮಾಡಬಹುದಾದ ಹಿಂದಿನ ಗುರಿಪಟ್ಟಿ. ಜೇಬಿನಲ್ಲಿಟ್ಟುಕೊಳ್ಳುವ ಜಾತಿಯದಲ್ಲ, ಗುರಿ ಹೊಡೆಯುವ ಸ್ಪರ್ಧೆಗೆಂದು ಮಾಡಿದ್ದು. ದೊಡ್ಡವರು ಪಕ್ಕದ ಕೋಣೆಯಲ್ಲಿ ಮಾತಾಡುತ್ತಿದ್ದಾಗ ಹುಡುಗ ಅದನ್ನೆತ್ತಿ ಗೋಡೆಯ ಕ್ಯಾಲೆಂಡರಿಗೆ ಗುರಿಯಿಟ್ಟು ಕುದುರೆ ಎಳೆದ. 'ಟಕ್' ಎಂದಿತು. ಖಾಲಿ ಇತ್ತು.

ಖಾಲಿ ಇದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಆ ಗೋಡೆಯ ಆಚೆಯೇ ತಾಯಿ ಕೂತಿದ್ದರು.

'ವೃಷಭಾವತಿಗೆ ಎಸೆದುಬಿಡ್ತೀನಿ ಸಾರ್' ಎಂದರು ತಾಯಿ. 'ತಾತನ ನೆನಪು, ನಾನೇ ಇಟ್ಟುಕೊಳ್ತೀನಿ' ಎಂದ ಹುಡುಗ. ಊರಿನಿಂದ ಚಿಕ್ಕಪ್ಪ ಫೋನಿನಲ್ಲಿ 'ಇಲ್ಲಿಗೆ ತಂದುಬಿಡಿ, ನಮಗೆ ಲೈಸೆನ್ಸ್ ಬೇಕಿಲ್ಲ' ಎಂದಿದ್ದರಂತೆ. ಮೂರೂ ತಪ್ಪು. ನನ್ನಂಥ ವಿಜ್ಞಾನದ ಮೇಷ್ಟ್ರಿಗೆ ಕಾನೂನು ಯಾಕೆ ಎನ್ನಬೇಡಿ, ಆ ಹೊತ್ತಿಗೆ ಆ ಮನೆಗೆ ಬೇಕಾಗಿದ್ದದ್ದು ಅದೇ.

ಚಿಕ್ಕಪ್ಪನ ಮಾತಿನಲ್ಲಿ ಅರ್ಧ ಸತ್ಯವಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯೊಂದಿದೆ. 2019ರಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಇಟ್ಟು ಪೂಜಿಸಿ, ಎತ್ತರದ ಮರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ಕೊಡಗಿಗೆ ಹೋದವರು ನೋಡಿರಬಹುದು. ಈ ತಾತನೂ ಗುರಿ ಕಲಿತದ್ದು ಅಲ್ಲಿಯೇ. ಆದರೆ ಆ ವಿನಾಯಿತಿ ಉದ್ದ ಕೋವಿಗೆ, ರಿವಾಲ್ವರಿಗಲ್ಲ. ರಿವಾಲ್ವರಿಗೆ ಮಡಿಕೇರಿಯಲ್ಲೂ ಲೈಸೆನ್ಸ್ ಬೇಕು, ವಿಜಯನಗರದಲ್ಲೂ ಬೇಕು.

ನಮ್ಮಲ್ಲಿ ಮೊದಲು ಲೈಸೆನ್ಸ್, ಆಮೇಲೆ ಆಯುಧ. ಆಯುಧದ ಮೇಲೆ ಕೊರೆದ ನಂಬರು ಲೈಸೆನ್ಸಿನಲ್ಲಿ ನಮೂದಾಗಿರಬೇಕು. 1980ರ ದಶಕದ ನಡುವಿನಲ್ಲಿ ವಿದೇಶಿ ಬಂದೂಕುಗಳ ಆಮದು ಸಾಮಾನ್ಯರಿಗೆ ನಿಂತಿತು, ಕ್ರೀಡಾಪಟುಗಳಿಗೆ ಮಾತ್ರ ಅವಕಾಶ ಉಳಿಯಿತು. ಹಾಗಾಗಿ ಇಂಥ ಹಳೆಯ ರಿವಾಲ್ವರುಗಳು ಒಬ್ಬ ಲೈಸೆನ್ಸ್‌ದಾರರಿಂದ ಇನ್ನೊಬ್ಬರಿಗೆ ಕೈ ಬದಲಾಗುತ್ತ ಬಂದಂಥವು. ತಾತನೂ ಹಾಗೆಯೇ ಕೊಂಡಿದ್ದರು. ಆದರೆ ಲೈಸೆನ್ಸ್ ಮನೆಯದಲ್ಲ, ಮನುಷ್ಯನದು. ಅವರು ತೀರಿಕೊಂಡ ಮೇಲೆ ತಡಮಾಡದೆ ಆಯುಧವನ್ನು ಹತ್ತಿರದ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಬಳಿಯೋ ಒಪ್ಪಿಸಿ ರಸೀದಿ ಪಡೆಯಬೇಕು. ಆಮೇಲೆ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೋರಿ ಅರ್ಜಿ ಹಾಕಬಹುದು. ಬೆಂಗಳೂರಿನಲ್ಲಿ ಅದು ಪೊಲೀಸ್ ಕಮಿಷನರ್ ಕಚೇರಿಯ ಕೆಲಸ. 2016ರ ನಿಯಮಗಳ ಪ್ರಕಾರ 70 ತುಂಬಿದವರು, ಅಥವಾ ಆಯುಧವನ್ನು 25 ವರ್ಷ ಇಟ್ಟುಕೊಂಡವರು, ಬದುಕಿರುವಾಗಲೇ ಮಕ್ಕಳಿಗೆ ವರ್ಗಾಯಿಸಲು ಕೇಳಬಹುದು. ಮನೆಯಲ್ಲಿ ಇಂಥ ಹಿರಿಯರಿದ್ದರೆ ದಯವಿಟ್ಟು ಇವತ್ತೇ ಈ ಮಾತೆತ್ತಿ. ಹುಡುಗನಿಗಂತೂ 21 ತುಂಬುವವರೆಗೆ ಸ್ವಂತ ಲೈಸೆನ್ಸಿನ ಮಾತೇ ಇಲ್ಲ.

ಹುಡುಗನ ಮುಖ ಬಾಡಿತು. 'ತಾತ ಇದರಲ್ಲಿ ಇಪ್ಪತ್ತೈದು ಮೀಟರಿಗೆ ಹೊಡೀತಿದ್ರು ಸಾರ್, ಅಷ್ಟು ಹತ್ತಿರ ಹೊಡೆಯೋದರಲ್ಲಿ ಏನು ಕಷ್ಟ?' ಎಂದ. ಕಾಫಿ ಆರುತ್ತಿತ್ತು. ಕಾಗದ ತೆಗೆದುಕೊಂಡೆ.

ನಳಿಗೆಯ ತುದಿಯಲ್ಲೊಂದು ಕಡ್ಡಿ, ಹಿಂದೆ ಕಚ್ಚಿರುವ ಪಟ್ಟಿ. ಕಡ್ಡಿ ಆ ಕಚ್ಚಿನ ನಟ್ಟನಡುವೆ ಕಾಣಬೇಕು. ಇವೆರಡರ ನಡುವಿನ ಅಂತರ ಸುಮಾರು 20 ಸೆಂಟಿಮೀಟರ್ ಎನ್ನಿ. ಗುರಿಹಲಗೆ 25 ಮೀಟರ್ ದೂರದಲ್ಲಿದೆ, ಅಂದರೆ 125 ಪಟ್ಟು. ಮುಂದಿನ ಕಡ್ಡಿ ಒಂದೇ ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡು ಹನ್ನೆರಡೂವರೆ ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಹತ್ತು ಅಂಕದ ವೃತ್ತದ ವ್ಯಾಸವೇ 5 ಸೆಂಟಿಮೀಟರ್. ನಿಮ್ಮ ಗುಂಡು ಆರರ ಗೆರೆ ಮುಟ್ಟಿದರೆ ಪುಣ್ಯ. ಅದೇ ಇಡೀ ಕೈ ಓಲಾಡದೆ ಸಮಾನಾಂತರವಾಗಿ ಒಂದು ಸೆಂಟಿಮೀಟರ್ ಸರಿದರೆ ಗುಂಡೂ ಅಷ್ಟೇ ಸರಿಯುತ್ತದೆ. ಸಮರೂಪ ತ್ರಿಭುಜಗಳು! ಪರೀಕ್ಷೆಯಲ್ಲಿ ನಾಲ್ಕು ಅಂಕಕ್ಕೆ ಬರೆದು ಮರೆಯುತ್ತೀರಲ್ಲ, ಅವೇ.

ಗುಂಡಿನ ತೂಕ ಸುಮಾರು ಆರು ಗ್ರಾಂ, ವೇಗ ಸೆಕೆಂಡಿಗೆ 220 ಮೀಟರ್ ಎಂದಿಟ್ಟುಕೊಂಡರೆ ಗುರಿ ಮುಟ್ಟಲು ಸೆಕೆಂಡಿನ ಒಂಬತ್ತನೇ ಒಂದು ಭಾಗ ಬೇಕು. ಅಷ್ಟರಲ್ಲೇ ಗುರುತ್ವ ಅದನ್ನು 6 ಸೆಂಟಿಮೀಟರ್ ಕೆಳಗೆಳೆದಿರುತ್ತದೆ. ಹಿಂದಿನ ತಿರುಪು ಇರುವುದು ಇಂಥದ್ದನ್ನು ಸರಿದೂಗಿಸಲು. ಇನ್ನು ಕಣ್ಣಿನ ಪಾಡು. ಮಸೂರ ಒಂದು ಹೊತ್ತಿಗೆ ಒಂದೇ ದೂರಕ್ಕೆ ಹೊಂದಿಕೊಳ್ಳಬಲ್ಲದು. ಹೊಸಬರು ಗುರಿಹಲಗೆಯನ್ನು ನೋಡುತ್ತಾರೆ, ಪಳಗಿದವರು ಮುಂದಿನ ಕಡ್ಡಿಯನ್ನು ನೋಡಿ ಹಲಗೆಯನ್ನು ಮಬ್ಬಾಗಲು ಬಿಡುತ್ತಾರೆ. ಚಾಳೀಸು ಬಂದ ನನ್ನಂಥವನಿಗೆ ಎರಡೂ ಮಬ್ಬು. ಒಮ್ಮೆ ರೇಂಜೊಂದರಲ್ಲಿ ಏರ್ ಪಿಸ್ತೂಲು ಹಿಡಿದು ಹತ್ತು ಮೀಟರಿಗೆ ಐದು ಸಲ ಹೊಡೆದಿದ್ದೆ. ಎರಡು ಕಪ್ಪು ವೃತ್ತದ ಹೊರಗೆ, ಒಂದರ ಗುರುತೇ ಸಿಗಲಿಲ್ಲ.

ಆ ಏರ್ ಪಿಸ್ತೂಲನ್ನೇ ಹುಡುಗನಿಗೆ ಸೂಚಿಸಿದೆ. 4.5 ಮಿಲಿಮೀಟರ್ ಮೀರದ, 20 ಜೂಲ್‌ಗಿಂತ ಹೆಚ್ಚು ಶಕ್ತಿಯಿಲ್ಲದ ಏರ್ ಗನ್‌ಗಳಿಗೆ ಲೈಸೆನ್ಸ್ ಬೇಕಿಲ್ಲ. ಸ್ಪರ್ಧೆಯ ಪಿಸ್ತೂಲಿನ ಅರ್ಧ ಗ್ರಾಂ ಗುಂಡು ಸೆಕೆಂಡಿಗೆ 150 ಮೀಟರ್ ಹೋದರೆ ಐದೂವರೆ ಜೂಲ್ ಚಿಲ್ಲರೆ. ತಾತನ ರಿವಾಲ್ವರಿನದು ಲೆಕ್ಕ ಹಾಕು ಎಂದೆ. ಸ್ವಲ್ಪ ಹೊತ್ತು ಗೀಚಿ 'ನೂರೈವತ್ತರ ಹತ್ತಿರ ಸಾರ್' ಎಂದವನು ಸುಮ್ಮನಾದ. ಕ್ಯಾಲೆಂಡರು ನೆನಪಾಗಿರಬೇಕು.

'ಐದೂವರೆ ಜೂಲ್ ಕಣ್ಣಿಗೆ ಬಿದ್ದರೆ?' ಎಂದು ತಾಯಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಕಣ್ಣು ಹೋಗುತ್ತದೆ. ಅದಕ್ಕೇ ಮನೆಯ ಟೆರೇಸಿನಲ್ಲಿ ಬೇಡ, ಕೋಚ್ ಇರುವ ರೇಂಜಿನಲ್ಲಿ ಮಾತ್ರ ಎಂದೆ. 2013ರಲ್ಲಿ ಕೊರಿಯಾದ ಚಾಂಗ್ವನ್ ವಿಶ್ವಕಪ್‌ನಲ್ಲಿ ಏರ್ ಪಿಸ್ತೂಲಿಗೆ ಕಂಚು ಗೆದ್ದು, 2016ರಲ್ಲಿ ರಿಯೊ ಒಲಿಂಪಿಕ್ಸಿಗೆ ಹೋದ ಪ್ರಕಾಶ್ ನಂಜಪ್ಪ ನಮ್ಮ ಬೆಂಗಳೂರಿನವರೇ ಎಂದೂ ಹೇಳಿದೆ. ತಾಯಿಗೆ ಅದು ಅಷ್ಟೇನೂ ಸಮಾಧಾನ ತಂದಂತೆ ಕಾಣಲಿಲ್ಲ.

ಮರುದಿನ ಹುಡುಗನ ತಂದೆ ಮೊದಲು ಠಾಣೆಗೆ ತಿಳಿಸಿ, ಲೈಸೆನ್ಸ್ ಪುಸ್ತಕ, ಮರಣಪತ್ರದ ಸಮೇತ ರಿವಾಲ್ವರನ್ನು ಒಪ್ಪಿಸಿ ಬಂದರು. ರೇಂಜಿನ ಮಾತು ಪರೀಕ್ಷೆ ಮುಗಿದ ಮೇಲೆ ಎಂದು ತೀರ್ಮಾನವಾಯಿತಂತೆ.

ಹೋದ ವಾರ ತಾಯಿ ಫೋನ್ ಮಾಡಿದ್ದರು. ಸ್ಪರ್ಧೆಯ ಪಿಸ್ತೂಲು ಒಂದು ಕಿಲೋ ತೂಗುತ್ತದೆ ಎಂದು ಎಲ್ಲೋ ಓದಿ, ಹುಡುಗ ದಿನಾ ಸಂಜೆ ಒಂದು ಲೀಟರ್ ನೀರಿನ ಬಾಟಲಿ ಹಿಡಿದು ಕೈ ಚಾಚಿ ನಿಲ್ಲುತ್ತಾನಂತೆ. 'ಗಡಿಯಾರ ನೋಡಿ ಎಣಿಸೋದು ನಾನೇ ಸಾರ್. ಒಂದು ನಿಮಿಷಕ್ಕೆ ಕೈ ನಡುಗುತ್ತೆ. ಎಷ್ಟು ಹೊತ್ತು ನಿಲ್ಲಬೇಕು?' ಎಂದು ಕೇಳಿದರು.