ಗೇಟಿನ ಮುಂದೆ ನಿಂತ ಲಾರಿಗೂ ಲೆಕ್ಕ ಬೇಕು (ಲೆಕ್ಕ-ಬದುಕು ಸರಣಿ, ಭಾಗ 4)

ಲಾರಿ ಡ್ರೈವರ್ ಕೆಲಸ ಅಂದ್ರೆ ನಮಗೆ ನೆನಪಾಗೋದು ಸ್ಟೇರಿಂಗು, ಹಾರನ್ನು, ಡಾಬಾ, ರಾತ್ರಿ ಹೈವೇ. ಆದ್ರೆ ಆ ಕೆಲಸದಲ್ಲಿ ಜೀವ ಹಿಂಡೋದು ಕಾಯೋದು. ಆ ಕಾಯೋ ಹೊತ್ತಿಗೂ ದುಡ್ಡು ಕೊಡ್ಬೇಕು ಅನ್ನೋದು ನನ್ನ ವಾದ. ಒಪ್ಪದಿದ್ರೂ ಪೂರ್ತಿ ಓದಿ, ಆಮೇಲೆ ಕಾಮೆಂಟಲ್ಲಿ ಜಗಳ ಆಡೋಣ.

🚛 ಫೋಟೋ 1: ಟಾರ್ಪಾಲು ಕಟ್ಟಿರೋ ಲಾರಿ

ಇದು ನಮ್ಮ ಚಿಕ್ಕಪ್ಪ ಓಡಿಸೋ ಗಾಡಿ. ಪೀಣ್ಯದಿಂದ ಭಿವಂಡಿಗೆ, ಅಂದಾಜು 1,000 ಕಿ.ಮೀ. ಸಂಜೆ ಲೋಡ್ ಆಗುತ್ತೆ. ಟಾರ್ಪಾಲು ಹೊದಿಸಿ, ಹಗ್ಗ ಬಿಗಿದು, ಟೈರಿಗೆ ಒಂದೊಂದು ಏಟು ಹೊಡೆದು ಗಾಳಿ ನೋಡಿ, ರಾತ್ರಿ ಹೊರಡ್ತಾರೆ. ನೆಲಮಂಗಲ, ತುಮಕೂರು, ಶಿರಾ, ಹಿರಿಯೂರು. ಚಿತ್ರದುರ್ಗದ ಹತ್ರ ಕಣ್ಣು ಎಳೆಯೋಕೆ ಶುರುವಾದ್ರೆ ಗಾಡಿ ಸೈಡಿಗೆ ಹಾಕಿ ಒಂದು ಗಂಟೆ ನಿದ್ದೆ. ದಾವಣಗೆರೆ ದಾಟಿದ ಮೇಲೆ ಪೆಟ್ರೋಲ್ ಬಂಕಲ್ಲಿ ಸ್ನಾನ. ಮಧ್ಯಾಹ್ನ ಸಣ್ಣ ಗ್ಯಾಸ್ ಸ್ಟೌ ಹಚ್ಚಿ ಅನ್ನ, ಬೇಳೆಸಾರು. ದಿನಾ ಡಾಬಾದಲ್ಲಿ ತಿಂದ್ರೆ ಬಾಟಾ ಉಳಿಯಲ್ಲ ಅಂತಾರೆ. ಹುಬ್ಬಳ್ಳಿ, ಬೆಳಗಾವಿ ಕಳೆದು ಮಹಾರಾಷ್ಟ್ರ. ಸಾತಾರಾ ಆದ್ಮೇಲೆ ಖಂಬಾಟ್ಕಿ ಘಾಟು, ಪುಣೆ ಆದ್ಮೇಲೆ ಖಂಡಾಲಾ ಘಾಟು.

ಇಷ್ಟೂ ಹೊತ್ತು ಅವರಿಗೆ ಫೋನ್ ಬರ್ತಾನೇ ಇರುತ್ತೆ. "ಎಲ್ಲಿದ್ದೀಯಾ?" "ಯಾಕೆ ನಿಂತಿದ್ದೀಯಾ?" ಜಿಪಿಎಸ್ ಇದೆ, ಹಾಗಾಗಿ ಟೀ ಕುಡಿಯೋಕೆ ನಿಂತ್ರೂ ಮಾಲೀಕರಿಗೆ ಗೊತ್ತಾಗುತ್ತೆ.

🚛 ಫೋಟೋ 2: ಗೋಡೌನ್ ಮುಂದಿನ ಸಾಲು

ಇನ್ನು ಭಿವಂಡಿ. ಗೇಟಲ್ಲಿ ಎಂಟ್ರಿ ಮಾಡಿಸಿ ಸಾಲಲ್ಲಿ ನಿಲ್ಬೇಕು. ಹಮಾಲರು ಬಂದಿಲ್ಲ, ಜಾಗ ಖಾಲಿ ಇಲ್ಲ, ಸೂಪರ್‌ವೈಸರ್ ಊಟಕ್ಕೆ ಹೋಗಿದಾರೆ, ನಾಳೆ ಭಾನುವಾರ. ಹೋದ ತಿಂಗಳು ಚಿಕ್ಕಪ್ಪ ಎರಡು ದಿನ ಹಾಗೇ ನಿಂತಿದ್ರು. ಗಾಡಿ ಬಿಟ್ಟು ಹೋಗೋ ಹಾಗಿಲ್ಲ, ಡೀಸೆಲ್ಲು, ಬ್ಯಾಟರಿ, ಸ್ಟೆಪ್ನಿ ಕಳುವಾಗುತ್ತೆ. ಶೌಚಾಲಯ ಒಳಗಿದೆ, ಡ್ರೈವರ್‌ಗಳನ್ನ ಒಳಗೆ ಬಿಡಲ್ಲ. ಆ ಎರಡು ದಿನ "ಎಲ್ಲಿದ್ದೀಯಾ" ಅಂತ ಒಂದು ಫೋನೂ ಬರಲಿಲ್ಲ.

ಅವರಿಗೆ ಸಂಬಳ ಸ್ವಲ್ಪ, ಮಿಕ್ಕಿದ್ದೆಲ್ಲ ಟ್ರಿಪ್ ಲೆಕ್ಕ. ಗಾಡಿ ನಿಂತ್ರೆ ದುಡಿಮೆ ನಿಂತ ಹಾಗೆ, ಹೊಟ್ಟೆ ಖರ್ಚು ಮಾತ್ರ ನಿಲ್ಲಲ್ಲ.

🚛 ಫೋಟೋ 3: ನನ್ನ ಕಾಸ್ಟಿಂಗ್ ನೋಟ್ಸ್

ಕಾಮರ್ಸ್‌ನವರೇ, ಇದು ನಮ್ಮ ಏರಿಯಾ. 50,000 ರೂಪಾಯಿ ಮೀರಿದ ಸರಕು ರಾಜ್ಯದಿಂದ ರಾಜ್ಯಕ್ಕೆ ಹೋಗ್ಬೇಕಾದ್ರೆ ಇ-ವೇ ಬಿಲ್ ಬೇಕು ಅಂತ ಓದಿದೀವಲ್ಲ. 2018ರ ಏಪ್ರಿಲ್ 1ರಿಂದ ಬಂದಿದ್ದು. 200 ಕಿ.ಮೀ.ಗೆ 1 ದಿನ ವ್ಯಾಲಿಡಿಟಿ. ಅಂದ್ರೆ 1,000 ಕಿ.ಮೀ.ಗೆ ಸರಕಿಗೆ ಕಾನೂನು 5 ದಿನ ಕೊಡುತ್ತೆ. ಡ್ರೈವರ್‌ಗೆ ಮಾತ್ರ "ನಾಡಿದ್ದು ಬೆಳಗ್ಗೆ ಮುಟ್ಟಿಸು" ಅಂತಾರೆ!

ಟೋಲಲ್ಲಿ ಕಾಯೋದು ತಪ್ಪಲಿ ಅಂತ 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯ ಆಯ್ತು. ಜಿಎಸ್‌ಟಿ ಬಂದ್ಮೇಲೆ ಗಡಿಯ ತೆರಿಗೆ ಚೆಕ್‌ಪೋಸ್ಟ್‌ಗಳೂ ಹೋದ್ವು. ರೋಡಲ್ಲಿ ಉಳಿದ ಟೈಮನ್ನೆಲ್ಲ ಗೋಡೌನ್ ಗೇಟು ನುಂಗ್ತಾ ಇದೆ.

ಐಡಲ್ ಟೈಮ್ ಚಾಪ್ಟರ್ ನೆನಪಿದ್ಯಾ? ಕರೆಂಟ್ ಹೋಯ್ತು, ಮಷೀನ್ ಕೆಡ್ತು, ಕೆಲಸಗಾರ ಸುಮ್ಮನೆ ಕೂತ. ಆದ್ರೂ ಅವನ ಸಂಬಳ ಖರ್ಚೇ. ಅಬ್‌ನಾರ್ಮಲ್ ಆಗಿದ್ರೆ ಕಾಸ್ಟಿಂಗ್ ಲಾಭ-ನಷ್ಟ ಖಾತೆಗೆ ಹಾಕಿ ಅಂತ 5 ಮಾರ್ಕ್ಸ್‌ಗೆ ಬರೀತೀವಿ. ಫ್ಯಾಕ್ಟರಿ ಒಳಗೆ ಸುಮ್ಮನೆ ಕೂತವರ ಹೊತ್ತಿಗೆ ಒಂದು ಚಾಪ್ಟರೇ ಇದೆ. ಅದೇ ಫ್ಯಾಕ್ಟರಿಯ ಮಾಲು ಹೊತ್ತು ಗೇಟಿನ ಹೊರಗೆ ಕೂತವರ ಹೊತ್ತಿಗೆ ಯಾವ ಖಾತೆಯೂ ಇಲ್ಲ.

ಕಾನೂನಲ್ಲಿ ಈ ಯೋಚನೆ ಇರಲೇ ಇಲ್ಲ ಅಂತಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಬರೆದಿತ್ತು. ದೂರದ ರೂಟಿಗೆ ಸ್ವಲ್ಪ ಸಡಿಲ. ಟರ್ಮಿನಲ್ಲಲ್ಲಿ ಸುಮ್ಮನೆ ಹಾಜರಿರೋದು 15 ನಿಮಿಷದ ಒಳಗಿದ್ರೆ ಅದನ್ನೂ ಕೆಲಸದ ಹೊತ್ತಿಗೆ ಸೇರಿಸಿತ್ತು. 15 ನಿಮಿಷ ಅಂದಾಗ ಚಿಕ್ಕಪ್ಪ ನಕ್ಕುಬಿಟ್ರು.

2025ರ ಅಕ್ಟೋಬರ್ 1ರಿಂದ ತಯಾರಾಗೋ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ. ಒಳ್ಳೇದೇ, ನಿಜವಾಗಲೂ ಖುಷಿ. ಆದ್ರೆ ಗೇಟಿನ ಮುಂದೆ ಇಡೀ ದಿನ ಇಂಜಿನ್ ಆನ್ ಇಟ್ರೆ ಡೀಸೆಲ್ ಯಾರು ಹಾಕಿಸ್ತಾರೆ?

"ಲಾರಿ ಮಾಲೀಕರಿಗೇ ಏನೂ ಉಳಿಯಲ್ಲ, ಅವರೆಲ್ಲಿಂದ ಕೊಡ್ತಾರೆ?" ಅಂತ ನೀವು ಕೇಳಬಹುದು. ಸರಿ. ಒಂದೇ ಲಾರಿ ಇಟ್ಕೊಂಡು ಇಎಂಐ ಕಟ್ಟೋರನ್ನ ನಾನೂ ನೋಡಿದೀನಿ. ಅದಕ್ಕೇ ನಾನು ಹೇಳೋದು, ಕಾಯಿಸಿದವರು ಕೊಡ್ಲಿ. ಹಾಲ್ಟಿಂಗ್ ಚಾರ್ಜ್ ಅನ್ನೋದು ಈಗಲೂ ಇದೆ, ಆದ್ರೆ ಅದು ಸಿಗೋದು ಜಗಳ ಆಡಿದ್ರೆ, ಸಿಕ್ರೂ ಗಾಡಿ ಲೆಕ್ಕಕ್ಕೆ ಹೋಗುತ್ತೆ. ಇಂತಿಷ್ಟು ಗಂಟೆ ಫ್ರೀ, ಆಮೇಲೆ ಗಂಟೆಗೆ ಇಷ್ಟು, ಅದ್ರಲ್ಲಿ ಡ್ರೈವರ್ ಪಾಲು ಇಷ್ಟು ಅಂತ ಬಿಲ್ಟಿ ಮೇಲೆ ಮೊದಲೇ ಬರೀಲಿ. ಹೊಸ ಆ್ಯಪ್ ಬೇಕಿಲ್ಲ. ಗೇಟ್ ರಿಜಿಸ್ಟರಲ್ಲಿ ಇನ್ ಟೈಮು, ಔಟ್ ಟೈಮು ಎರಡೂ ಬರೀತಾರೆ. ಕಳೆಯೋ ಲೆಕ್ಕ ಒಂದೇ ಬಾಕಿ. ಕಾಯಿಸಿದ್ರೆ ದುಡ್ಡು ಹೋಗುತ್ತೆ ಅಂತಾದ್ರೆ ಹಮಾಲರೂ ಟೈಮಿಗೆ ಬರ್ತಾರೆ, ಜಾಗಾನೂ ಖಾಲಿ ಆಗುತ್ತೆ.

ಇದನ್ನ ನಿಮಗೇ ಯಾಕೆ ಹೇಳ್ತಿದೀನಿ ಅಂದ್ರೆ, ಇನ್ನೆರಡು ವರ್ಷಕ್ಕೆ ನಮ್ಮಲ್ಲಿ ಎಷ್ಟೋ ಜನ ಡಿಸ್ಪ್ಯಾಚ್, ಬಿಲ್ಲಿಂಗ್, ಅಕೌಂಟ್ಸ್ ಕೆಲಸದಲ್ಲಿ ಇರ್ತೀವಿ. ಎಕ್ಸೆಲ್ ಶೀಟ್ ಮಾಡೋರು ನಾವೇ. ಗಾಡಿ ನಂಬರ್, ತೂಕ, ಬಾಡಿಗೆ ಅಂತ ಕಾಲಂ ಹಾಕುವಾಗ "ಕಾದ ಗಂಟೆ" ಅಂತ ಇನ್ನೊಂದು ಹಾಕಿ. ಶೀಟಲ್ಲಿ ಇಲ್ಲದ ಖರ್ಚಿನ ಬಗ್ಗೆ ಯಾವ ಮ್ಯಾನೇಜರ್ರೂ ಮಾತಾಡಲ್ಲ.

ನಿಮ್ಮನೇಲಿ ಯಾರಾದ್ರೂ ಗಾಡಿ ಓಡಿಸ್ತಿದ್ರೆ ಇವತ್ತು ಕೇಳಿ: ಹೋದ ಟ್ರಿಪ್ಪಲ್ಲಿ ಓಡಿಸಿದ್ದು ಎಷ್ಟು ಗಂಟೆ, ಕಾದಿದ್ದು ಎಷ್ಟು ಗಂಟೆ? ಉತ್ತರ ಕಾಮೆಂಟಲ್ಲಿ ಹಾಕಿ 👇

#ಲೆಕ್ಕಬದುಕು #ಲಾರಿಡ್ರೈವರ್ #ಕಾದಗಂಟೆ #ಬಿಕಾಂಹುಡುಗರು