ಸಾಂಕ್ರಾಮಿಕದ ನಂತರ ಶಾಲಾ ಪುನರಾರಂಭ: ವಿದ್ಯಾರ್ಥಿಗಳಿಗೆ ಹಾಗೂ ಶಿಕ್ಷಕರಿಗೆ ಭಾವನಾತ್ಮಕ ಬೆಂಬಲ – ಒಂದು ವಿಶ್ಲೇಷಣೆ

1. ಪೀಠಿಕೆ

ಕೋವಿಡ್-19 ಸಾಂಕ್ರಾಮಿಕದ ಕಾರಣದಿಂದ 2020ರ ಮಾರ್ಚ್ ತಿಂಗಳಲ್ಲಿ ಮುಚ್ಚಲಾದ ರಾಜ್ಯದ ಶಾಲೆಗಳು ಎಲ್ಲ ತರಗತಿಗಳಿಗೂ ಪೂರ್ಣವಾಗಿ ತೆರೆಯಲು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಈ ಅವಧಿಯಲ್ಲಿ ಉಂಟಾದ ಕಲಿಕೆಯ ಕೊರತೆಯ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಆದರೆ ಮರಳಿ ಬಂದ ಮಗುವಿನ ಮನಸ್ಸಿನ ಸ್ಥಿತಿ ಮತ್ತು ಆ ಮಗುವನ್ನು ಬರಮಾಡಿಕೊಂಡ ಶಿಕ್ಷಕರ ಸ್ಥಿತಿಯ ಬಗ್ಗೆ ನಡೆದ ಚರ್ಚೆ ಕಡಿಮೆ. ಇವೆರಡೂ ಬೇರೆ ಬೇರೆ ವಿಷಯಗಳಲ್ಲ. ಪಾಠ ತಿಳಿಯದ ಮಗುವಿಗೆ ನಾಚಿಕೆಯಾಗುತ್ತದೆ. ನಾಚಿದ ಮಗು ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತದೆ. ಕಾಲಕ್ರಮೇಣ ಶಾಲೆಗೆ ಬರುವುದನ್ನೇ ನಿಲ್ಲಿಸಬಹುದು. ಆದ್ದರಿಂದ ಭಾವನಾತ್ಮಕ ಬೆಂಬಲವು ಪಾಠ ಮುಗಿದ ನಂತರ ಕೊಡುವ ಹೆಚ್ಚುವರಿ ಸೌಲಭ್ಯವಲ್ಲ, ಪಾಠ ಆರಂಭವಾಗಲು ಬೇಕಾದ ಮೊದಲ ಅಗತ್ಯ ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಪೋಷಕರು ಪಡೆಯಬಹುದಾದ ಸೇವೆಗಳ ವಿವರವನ್ನು ಕೊನೆಯಲ್ಲಿ ನೀಡಲಾಗಿದೆ.

2. ಹಿನ್ನೆಲೆ

2020ರ ಎಸ್.ಎಸ್.ಎಲ್.ಸಿ. ಪರೀಕ್ಷೆಯು ಮುಂದೂಡಲ್ಪಟ್ಟು ಜೂನ್ 25ರಿಂದ ನಡೆಯಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ 'ವಿದ್ಯಾಗಮ' ಯೋಜನೆ ಆರಂಭವಾಗಿ, ಶಿಕ್ಷಕರು ಮಕ್ಕಳಿದ್ದಲ್ಲಿಗೇ ತೆರಳಿ ವಠಾರಗಳಲ್ಲಿ, ದೇವಸ್ಥಾನದ ಆವರಣಗಳಲ್ಲಿ, ಮರದ ನೆರಳಿನಲ್ಲಿ ಬೋಧಿಸಿದರು. ಸೋಂಕಿನ ಭೀತಿಯಿಂದ ಅಕ್ಟೋಬರ್ ತಿಂಗಳಲ್ಲಿ ಇದನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಲಾಯಿತು. 2021ರ ಜನವರಿ 1ರಂದು 10ನೇ ತರಗತಿ ಹಾಗೂ ದ್ವಿತೀಯ ಪಿ.ಯು.ಸಿ. ತರಗತಿಗಳು ತೆರೆದವು, ಎರಡನೇ ಅಲೆ ಬಂದು ಶಾಲೆಗಳು ಮತ್ತೆ ಮುಚ್ಚಿದವು. ನಂತರ 2021ರ ಆಗಸ್ಟ್ 23ರಂದು 9ರಿಂದ 12, ಸೆಪ್ಟೆಂಬರ್ 6ರಂದು 6ರಿಂದ 8 ಹಾಗೂ ಅಕ್ಟೋಬರ್ 25ರಂದು 1ರಿಂದ 5ನೇ ತರಗತಿಗಳು ಹಂತ ಹಂತವಾಗಿ ಪುನರಾರಂಭಗೊಂಡವು.

ಈ ದಿನಾಂಕಗಳ ಅರ್ಥವನ್ನು ಗಮನಿಸಬೇಕು. 2021ರ ಅಕ್ಟೋಬರ್ ತಿಂಗಳಲ್ಲಿ 2ನೇ ತರಗತಿಯ ಕೊಠಡಿಗೆ ಬಂದ ಮಗು ಒಂದನೇ ತರಗತಿಯ ಕೊಠಡಿಯಲ್ಲಿ ಕುಳಿತೇ ಇರಲಿಲ್ಲ. ಸಾಲಿನಲ್ಲಿ ನಿಲ್ಲುವುದು, ಪಕ್ಕದ ಮಗುವಿನೊಡನೆ ಸ್ಲೇಟು ಹಂಚಿಕೊಳ್ಳುವುದು, ಅಮ್ಮನನ್ನು ಬಿಟ್ಟು ಅರ್ಧ ದಿನ ಇರುವುದು, ಇವೆಲ್ಲವೂ ಆ ಮಗುವಿಗೆ ಹೊಸತಾಗಿದ್ದವು. ಅಂತಹ ಮಕ್ಕಳು ಈಗ ಹಿರಿಯ ಪ್ರಾಥಮಿಕ ಹಂತಕ್ಕೆ ಬಂದಿದ್ದಾರೆ. ಆದುದರಿಂದ ಈ ವಿಷಯವು ಮುಗಿದ ಅಧ್ಯಾಯವಲ್ಲ.

3. ವಿದ್ಯಾರ್ಥಿಗಳ ಸ್ಥಿತಿ

ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು (ಎನ್.ಸಿ.ಇ.ಆರ್.ಟಿ.) 2022ರಲ್ಲಿ ಪ್ರಕಟಿಸಿದ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಸುಮಾರು 3.79 ಲಕ್ಷ ವಿದ್ಯಾರ್ಥಿಗಳು ಭಾಗವಹಿಸಿದ್ದರು. ಇವರಲ್ಲಿ ಶೇ. 81ರಷ್ಟು ಮಂದಿ ತಮ್ಮ ಆತಂಕಕ್ಕೆ ವ್ಯಾಸಂಗ, ಪರೀಕ್ಷೆ ಮತ್ತು ಫಲಿತಾಂಶಗಳನ್ನೇ ಕಾರಣವೆಂದು ತಿಳಿಸಿದ್ದಾರೆ. ಶಾಲೆಗೆ ಮರಳಿದ ಮಗುವಿನ ಕೈಗೆ ಮೊದಲ ವಾರದಲ್ಲೇ ಪರೀಕ್ಷಾ ಪತ್ರಿಕೆ ನೀಡುವುದು ಎಷ್ಟು ಸರಿ ಎಂಬ ಪ್ರಶ್ನೆಗೆ ಇದರಲ್ಲಿ ಉತ್ತರವಿದೆ.

ರಾಜ್ಯದಲ್ಲಿ ಕೈಗೊಂಡ ಎರಡು ಕ್ರಮಗಳನ್ನು ಈ ದೃಷ್ಟಿಯಿಂದ ನೋಡಬಹುದು. 2021ರ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಜುಲೈ 19 ಮತ್ತು 22ರಂದು, ಕೇವಲ ಎರಡು ದಿನ, ಬಹು ಆಯ್ಕೆಯ ಪ್ರಶ್ನೆಗಳ ಮೂಲಕ ನಡೆಸಲಾಯಿತು. 2022-23ನೇ ಸಾಲನ್ನು 'ಕಲಿಕಾ ಚೇತರಿಕೆ' ವರ್ಷವೆಂದು ಘೋಷಿಸಿ, ಮೇ 16ರಂದು ಶಾಲೆಗಳನ್ನು ಆರಂಭಿಸಲಾಯಿತು. ಹಿಂದಿನ ತರಗತಿಗಳಲ್ಲಿ ತಪ್ಪಿಹೋದ ಕಲಿಕೆಯನ್ನು ಕಲಿಕಾ ಹಾಳೆಗಳ ಮೂಲಕ ತುಂಬಿಕೊಡಲಾಯಿತು. ಇಂತಹ ಕ್ರಮಗಳು ಮಗುವಿಗೆ ಹೇಳುವ ಮಾತು ಒಂದೇ: ಹಿಂದುಳಿದದ್ದು ನಿನ್ನ ತಪ್ಪಲ್ಲ. ಆದರೆ ಈ ಮಾತು ತರಗತಿಯಲ್ಲಿ ಶಿಕ್ಷಕರ ಬಾಯಿಂದ, ಮನೆಯಲ್ಲಿ ಪೋಷಕರ ಬಾಯಿಂದ ಬಂದಾಗ ಮಾತ್ರ ಮಗುವಿಗೆ ತಲುಪುತ್ತದೆ.

ಬಿಸಿಯೂಟದ ಸ್ಥಾನವನ್ನೂ ಇಲ್ಲಿ ಸ್ಮರಿಸಬೇಕು. ಶಾಲೆ ಮುಚ್ಚಿದ್ದಾಗ ಆಹಾರಧಾನ್ಯ ಮನೆಗೆ ತಲುಪಿದರೂ, ಗೆಳೆಯರೊಡನೆ ಸಾಲಾಗಿ ಕುಳಿತು ಉಣ್ಣುವ ಹೊತ್ತು ಇರಲಿಲ್ಲ. ದಿನವೂ ಅದೇ ವೇಳೆಗೆ ಪ್ರಾರ್ಥನೆ, ಆಟ, ಊಟ ನಡೆಯುವುದೇ ಕಂಗೆಟ್ಟ ಮಗುವಿಗೆ ಮೊದಲ ಧೈರ್ಯ.

4. ಗಮನಿಸಬೇಕಾದ ಲಕ್ಷಣಗಳು

ಈ ಕೆಳಗಿನ ಬದಲಾವಣೆಗಳು ಎರಡು ವಾರಗಳಿಗೂ ಹೆಚ್ಚು ಕಾಲ ಮುಂದುವರಿದಲ್ಲಿ ಪೋಷಕರು ತರಗತಿ ಶಿಕ್ಷಕರೊಡನೆ ಮಾತನಾಡತಕ್ಕದ್ದು:

• ಶಾಲೆಗೆ ಹೊರಡುವ ಹೊತ್ತಿಗೆ ಪ್ರತಿದಿನ ಹೊಟ್ಟೆನೋವು ಅಥವಾ ತಲೆನೋವು ಎನ್ನುವುದು
• ನಿದ್ರೆ ಹಾಗೂ ಹಸಿವಿನಲ್ಲಿ ವ್ಯತ್ಯಾಸ
• ಗೆಳೆಯರಿಂದ ದೂರವಿರುವುದು, ಕಾರಣವಿಲ್ಲದ ಸಿಟ್ಟು
• ಮೊಬೈಲ್ ಬಿಟ್ಟಿರಲಾಗದ ಸ್ಥಿತಿ
• ಮನೆಯಲ್ಲಿ ಸಾವು ಸಂಭವಿಸಿದ್ದಲ್ಲಿ, ಆ ಬಗ್ಗೆ ಒಂದು ಮಾತನ್ನೂ ಆಡದಿರುವುದು

ಸಾಯುವ ಮಾತನ್ನು ಮಗು ಒಮ್ಮೆ ಆಡಿದರೂ ಕಾಯದೆ ಕೂಡಲೇ ಸಹಾಯ ಪಡೆಯಬೇಕು.

5. ಶಿಕ್ಷಕರ ಸ್ಥಿತಿ

ಮಕ್ಕಳಿಗೆ ಧೈರ್ಯ ತುಂಬಬೇಕಾದ ಶಿಕ್ಷಕರೂ ಅದೇ ಸಂಕಷ್ಟವನ್ನು ಅನುಭವಿಸಿದವರು. ಅನೇಕರು ಕೋವಿಡ್ ಕರ್ತವ್ಯ ನಿರ್ವಹಿಸಿದರು. ಸಹೋದ್ಯೋಗಿಗಳನ್ನು, ಕುಟುಂಬದವರನ್ನು ಕಳೆದುಕೊಂಡವರು ಸಹ ಇದ್ದಾರೆ. ಖಾಸಗಿ ಅನುದಾನರಹಿತ ಶಾಲೆಗಳಲ್ಲಿ ವೇತನವಿಲ್ಲದೆ ಕಷ್ಟಪಟ್ಟ ಶಿಕ್ಷಕರಿಗಾಗಿ 2021ರ ಜೂನ್ ತಿಂಗಳಲ್ಲಿ ಸರ್ಕಾರವು 5,000 ರೂಪಾಯಿಗಳ ಒಂದಾವರ್ತಿ ನೆರವನ್ನು ಘೋಷಿಸಬೇಕಾಯಿತು.

ಶಿಕ್ಷಣ ಹಕ್ಕು ಕಾಯ್ದೆ, 2009ರ ಕಲಂ 27ರ ಪ್ರಕಾರ ಜನಗಣತಿ, ವಿಪತ್ತು ಪರಿಹಾರ ಹಾಗೂ ಚುನಾವಣಾ ಕರ್ತವ್ಯಗಳನ್ನು ಹೊರತುಪಡಿಸಿ ಶಿಕ್ಷಕರನ್ನು ಶೈಕ್ಷಣಿಕೇತರ ಕಾರ್ಯಗಳಿಗೆ ನಿಯೋಜಿಸುವಂತಿಲ್ಲ. ಸಾಂಕ್ರಾಮಿಕವು ವಿಪತ್ತೇ ಆಗಿದ್ದುದರಿಂದ ನಿಯೋಜನೆಗೆ ಅವಕಾಶವಿತ್ತು. ಆದರೆ ವಿಪತ್ತಿನ ಕರ್ತವ್ಯದಿಂದ ನೇರವಾಗಿ ತರಗತಿಗೆ ಮರಳಿದವರಿಗೆ ಚೇತರಿಸಿಕೊಳ್ಳಲು ಸಮಯ ಬೇಕೆಂಬುದನ್ನು ಕಾಯ್ದೆ ಹೇಳುವುದಿಲ್ಲ. ಅದನ್ನು ಶಾಲೆಯೇ ಕಂಡುಕೊಳ್ಳಬೇಕು. ಪುನರಾರಂಭದ ಮೊದಲ ವಾರಗಳಲ್ಲಿ ದಾಖಲೆ ಹಾಗೂ ವರದಿಗಳ ಹೊರೆ ತಗ್ಗಿಸುವುದು, ವಾರಕ್ಕೊಮ್ಮೆ ಮುಖ್ಯ ಶಿಕ್ಷಕರು ಸಿಬ್ಬಂದಿಯ ಮಾತನ್ನು ಕೇಳುವುದು ಖರ್ಚಿಲ್ಲದ ಕ್ರಮಗಳು. ದಣಿದ ಶಿಕ್ಷಕರ ಬಗ್ಗೆ ಪೋಷಕರು ತೋರುವ ತಾಳ್ಮೆಯೂ ಮಕ್ಕಳಿಗೇ ಸಲ್ಲುತ್ತದೆ.

6. ಪೋಷಕರ ಹಕ್ಕುಗಳು ಹಾಗೂ ಲಭ್ಯ ಸೇವೆಗಳು

ಅ) ಕಾಯ್ದೆಯ ಕಲಂ 17ರ ಪ್ರಕಾರ ಮಗುವಿಗೆ ದೈಹಿಕ ಶಿಕ್ಷೆ ಹಾಗೂ ಮಾನಸಿಕ ಕಿರುಕುಳ ನೀಡುವುದು ನಿಷಿದ್ಧ. ಪಾಠ ಬರಲಿಲ್ಲವೆಂದು ಅಥವಾ ಶುಲ್ಕ ಬಾಕಿಯಿದೆಯೆಂದು ತರಗತಿಯ ಮುಂದೆ ಅವಮಾನಿಸಿದಲ್ಲಿ ಮುಖ್ಯ ಶಿಕ್ಷಕರಿಗೆ, ತದನಂತರ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಬಹುದು.

ಆ) ಶಾಲೆ ಬಿಟ್ಟ 6ರಿಂದ 14 ವರ್ಷದ ಮಗುವನ್ನು ಕಲಂ 4ರನ್ವಯ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ನೀಡತಕ್ಕದ್ದು. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರುವಾಗ ವರ್ಗಾವಣೆ ಪ್ರಮಾಣಪತ್ರ ತಡವಾಯಿತೆಂಬ ಕಾರಣದಿಂದ ಪ್ರವೇಶ ನಿರಾಕರಿಸುವಂತಿಲ್ಲ.

ಇ) ಟೆಲಿ-ಮನಸ್ ಸಹಾಯವಾಣಿ: 14416. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಉಚಿತವಾಗಿದ್ದು, ದಿನದ 24 ಗಂಟೆಯೂ ಲಭ್ಯವಿದೆ, ಕನ್ನಡದಲ್ಲಿ ಮಾತನಾಡಬಹುದು. ವಿದ್ಯಾರ್ಥಿಗಳು, ಪೋಷಕರು, ಶಿಕ್ಷಕರು ಎಲ್ಲರೂ ಕರೆ ಮಾಡಬಹುದು.

ಈ) ಮಕ್ಕಳ ಸಹಾಯವಾಣಿ: 1098. ಮಗುವಿಗೆ ಅಪಾಯ, ಬಾಲ್ಯವಿವಾಹ ಅಥವಾ ಬಾಲಕಾರ್ಮಿಕತೆಯ ಸಂಶಯವಿದ್ದಲ್ಲಿ ಯಾರು ಬೇಕಾದರೂ ತಿಳಿಸಬಹುದು.

ಉ) ತಂದೆ ಅಥವಾ ತಾಯಿಯನ್ನು ಕಳೆದುಕೊಂಡ ಮಕ್ಕಳ ಪೋಷಕರು ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಸಂಪರ್ಕಿಸತಕ್ಕದ್ದು. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿ ಅರ್ಹ ಮಕ್ಕಳಿಗೆ ನಿಯಮಗಳಿಗೆ ಒಳಪಟ್ಟು ತಿಂಗಳಿಗೆ 4,000 ರೂಪಾಯಿ ನೆರವು ದೊರೆಯುತ್ತದೆ.

ಊ) ಮಾನಸಿಕ ಆರೋಗ್ಯ ಸೇವೆಗಾಗಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ, 2017ರ ಮೇರೆಗೆ ಈ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಇದರಲ್ಲಿ ಸಂಕೋಚಪಡುವ ಅಗತ್ಯವಿಲ್ಲ.

7. ಉಪಸಂಹಾರ

ಪುನರಾರಂಭದ ಸಂದರ್ಭದಲ್ಲಿ ಕೈ ತೊಳೆಯುವುದು, ಅಂತರ ಕಾಯುವುದು, ಪೋಷಕರ ಒಪ್ಪಿಗೆ ಪತ್ರ ಇವೆಲ್ಲಕ್ಕೂ ಸ್ಪಷ್ಟ ನಿಯಮಗಳಿದ್ದವು. ಮಗುವನ್ನು ಮಾತನಾಡಿಸಲು ಅಂತಹ ನಿಯಮದ ಅಗತ್ಯವಿಲ್ಲ. ಸಾಂಕ್ರಾಮಿಕವೇ ಆಗಲಿ, ನೆರೆಯೇ ಆಗಲಿ, ಮುಂದೆ ಯಾವುದೇ ಕಾರಣದಿಂದ ದೀರ್ಘಕಾಲ ಮುಚ್ಚಿದ ಶಾಲೆ ತೆರೆದಾಗ ಮೊದಲ ದಿನ ಕೇಳಬೇಕಾದ ಪ್ರಶ್ನೆ "ಎಷ್ಟು ಕಲಿತೆ?" ಎಂಬುದಲ್ಲ, "ಹೇಗಿದ್ದೀಯ?" ಎಂಬುದು. ಹೆಚ್ಚಿನ ಮಾಹಿತಿಗಾಗಿ ಆಯಾ ಶಾಲೆಯ ಮುಖ್ಯ ಶಿಕ್ಷಕರನ್ನು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ಅಥವಾ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.