ಡೈನೋಸಾರ್ ಪಕ್ಕದ ಕೋಣೆಯ ಮನುಷ್ಯರು

ಈ ರಜೆಗೆ ಅಮೆರಿಕದ ಯೂಟಾ ಕಡೆ ಹೊರಟವರು ನಿಮ್ಮಲ್ಲಿ ಕೆಲವರಾದರೂ ಇರ್ತೀರಿ. ಸಾಲ್ಟ್ ಲೇಕ್ ಸಿಟಿಯಲ್ಲಿ ಇಳಿದು, ಬಾಡಿಗೆ ಕಾರು ತಗೊಂಡು, ಆರ್ಚಸ್ ನ್ಯಾಷನಲ್ ಪಾರ್ಕ್ ನೋಡೋಕೆ ಮೋಆಬ್‌ಗೆ ಹೋಗುವ ದಾರಿಯಲ್ಲಿ ಪ್ರೈಸ್ ಅನ್ನೋ ಸಣ್ಣ ಊರು ಸಿಗುತ್ತದೆ. ಕಲ್ಲಿದ್ದಲು ಗಣಿಗಳಿಂದ ಬೆಳೆದ ಊರು. ಹೆಚ್ಚಿನವರು ಅಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಮುಂದೆ ಹೋಗಿಬಿಡ್ತಾರೆ. ಒಂದೆರಡು ಗಂಟೆ ನಿಲ್ಲಿ ಅನ್ನೋದು ನನ್ನ ಸಲಹೆ. ಅಲ್ಲಿ ಯೂಟಾ ಸ್ಟೇಟ್ ಯೂನಿವರ್ಸಿಟಿಗೆ ಸೇರಿದ ಪ್ರಿಹಿಸ್ಟಾರಿಕ್ ಮ್ಯೂಸಿಯಂ ಇದೆ. ಆದರೆ ಒಳಗೆ ಹೋಗುವ ಮೊದಲು ಮಕ್ಕಳ ಹತ್ತಿರ ಒಂದು ಮಾತು ಆಡಬೇಕು. ಇವತ್ತಿನ ವಿಷಯ ಅದೇ.

ಈ ಮ್ಯೂಸಿಯಂನ ದೊಡ್ಡ ಗುಣ ಏನಂದ್ರೆ, ಇಲ್ಲಿರುವ ಮುಖ್ಯ ವಸ್ತುಗಳು ಸುತ್ತಮುತ್ತಲ ನೆಲದಿಂದಲೇ ಬಂದವು. ಹತ್ತಿರದ ಕ್ಲೀವ್‌ಲ್ಯಾಂಡ್-ಲಾಯ್ಡ್ ಎಂಬಲ್ಲಿ 12,000ಕ್ಕೂ ಹೆಚ್ಚು ಡೈನೋಸಾರ್ ಮೂಳೆಗಳು ಸಿಕ್ಕಿವೆ. ಸುಮಾರು 15 ಕೋಟಿ ವರ್ಷ ಹಳೆಯವು. ಕಾಡಿನಲ್ಲಿ ಜಿಂಕೆ ಹೆಚ್ಚು, ಹುಲಿ ಕಡಿಮೆ, ಅಲ್ವಾ? ಇಲ್ಲಿ ಲೆಕ್ಕ ತಲೆಕೆಳಗು. ಅಲೋಸಾರಸ್ ಅನ್ನೋ ಮಾಂಸಾಹಾರಿ ಒಂದರದ್ದೇ ಕನಿಷ್ಠ 46 ಪ್ರಾಣಿಗಳು! ಕೆಸರಿನಲ್ಲಿ ಸಿಕ್ಕಿಕೊಂಡವೋ, ಬರಗಾಲಕ್ಕೆ ಸತ್ತವೋ, ವಿಜ್ಞಾನಿಗಳ ವಾದ ಇನ್ನೂ ಮುಗಿದಿಲ್ಲ. 1993ರಲ್ಲಿ ವಿಜ್ಞಾನ ಲೋಕಕ್ಕೆ ಪರಿಚಯವಾದ ಯೂಟಾರ‍್ಯಾಪ್ಟರ್ ಕೂಡ ಇದೇ ರಾಜ್ಯದ್ದು. ಆ ಸಂಶೋಧನೆಯಲ್ಲಿ ಈ ಮ್ಯೂಸಿಯಂನವರ ಪಾಲೂ ಇದೆ.

ಅದೇ ಕಟ್ಟಡದಲ್ಲಿ ಪುರಾತತ್ವ ವಿಭಾಗವೂ ಇದೆ. ಅಲ್ಲಿ ಫ್ರೀಮಾಂಟ್ ಜನರ ವಸ್ತುಗಳಿವೆ. ಮೆಕ್ಕೆಜೋಳ ಬೆಳೆಯುತ್ತಿದ್ದ, ಬೇಟೆಯಾಡುತ್ತಿದ್ದ, ಬಂಡೆಗಳ ಮೇಲೆ ಚಿತ್ರ ಕೊರೆದ ಜನ. 1950ರಲ್ಲಿ ಸಿಕ್ಕ 'ಪಿಲ್ಲಿಂಗ್ ಗೊಂಬೆಗಳು' ಇವರವೇ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ, ಬೆಂಕಿಯಲ್ಲಿ ಸುಡದ ಹಸಿಮಣ್ಣಿನ 11 ಬೊಂಬೆಗಳು. ಕತ್ತಿನಲ್ಲಿ ಹಾರ, ಮೈಮೇಲೆ ಬಣ್ಣ. ಸುಮಾರು ಸಾವಿರ ವರ್ಷ ಹಳೆಯವು. ಒಂದು ಬೊಂಬೆ ಹಲವು ದಶಕ ಕಾಣೆಯಾಗಿತ್ತು. 2011ರಲ್ಲಿ ಹೆಸರು ಹೇಳದ ಯಾರೋ ಅದನ್ನು ಹಿಂದಿರುಗಿಸಿದರು.

ಈಗ ನನ್ನ ತಕರಾರಿಗೆ ಬರ್ತೀನಿ. ಅಲೋಸಾರಸ್‌ಗೂ ಈ ಬೊಂಬೆಗಳಿಗೂ ಹೊರಗಿನ ಫಲಕ ಒಂದೇ: 'ಪ್ರಿಹಿಸ್ಟಾರಿಕ್'. ನಮ್ಮ ಪುಸ್ತಕಗಳಲ್ಲಿ 'ಇತಿಹಾಸಪೂರ್ವ'. ಮಗುವಿನ ತಲೆಯಲ್ಲಿ ಎರಡೂ ಒಂದೇ ಬುಟ್ಟಿಗೆ ಬೀಳುತ್ತವೆ.

ಒಂದು ಲೆಕ್ಕ ಮಾಡೋಣ. ಒಂದು ವರ್ಷಕ್ಕೆ ಒಂದು ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ನೀವು ನಿಂತ ಜಾಗದಿಂದ ಆ ಬೊಂಬೆಗಳು ಸುಮಾರು ಒಂದು ಮೀಟರ್ ದೂರ, ಕೈ ಚಾಚಿದರೆ ಸಿಗುವಷ್ಟು. ಅಲೋಸಾರಸ್ 150 ಕಿಲೋಮೀಟರ್ ದೂರ. ಹೆಚ್ಚುಕಡಿಮೆ ಬೆಂಗಳೂರಿನಿಂದ ಮೈಸೂರು!

ಇನ್ನೂ ಒಂದು ಮಾತು. 941ರಲ್ಲಿ ಪಂಪ ಕಾವ್ಯ ಬರೆದ. ಫ್ರೀಮಾಂಟ್ ಜನ ಆ ಕಾಲದಲ್ಲೂ ಇದ್ದರು, ಅದಾದ ಮೇಲೂ ಇದ್ದರು. ಪಂಪನನ್ನು ಇತಿಹಾಸಪೂರ್ವ ಅಂತ ಯಾರೂ ಕರೆಯುವುದಿಲ್ಲ. ಇವರನ್ನು ಕರೆಯುತ್ತಾರೆ, ಯಾಕೆಂದರೆ ಇವರು ಬರಹ ಬಿಟ್ಟು ಹೋಗಲಿಲ್ಲ. ಆ ಪದ ಅಳೆಯುವುದು ಬರವಣಿಗೆಯನ್ನು. ಹಳತನವನ್ನು ಅಳೆಯುತ್ತದೆ ಅಂತ ನಾವು ತಿಳಿದುಕೊಂಡುಬಿಡ್ತೀವಿ.

'ಸಣ್ಣ ಊರಿನ ಮ್ಯೂಸಿಯಂ, ಎರಡು ಕಟ್ಟಡಕ್ಕೆ ದುಡ್ಡೆಲ್ಲಿ?' ಅಂತ ನೀವು ಕೇಳಬಹುದು. ಒಪ್ಪುತ್ತೇನೆ. ಒಂದೇ ಸೂರಿನ ಬಗ್ಗೆ ನನ್ನ ಆಕ್ಷೇಪ ಇಲ್ಲ. ಒಂದು ನೆಲದ ಪೂರ್ತಿ ಕಥೆಯನ್ನು ಒಂದೇ ಕಡೆ ನೋಡುವುದು ಚೆನ್ನಾಗಿಯೇ ಇರುತ್ತದೆ. ನನ್ನ ಆತಂಕ ಬೇರೆ. ಡೈನೋಸಾರ್ ನೋಡಿ ಬಂದ ಮಗು ಪಕ್ಕದ ಕೋಣೆಯ ಜನರನ್ನೂ 'ಅಳಿದುಹೋದವರು' ಅಂತ ತಿಳಿದು ಹೊರಬಂದರೆ ಅದು ತಪ್ಪು ವಿಜ್ಞಾನ. ಫ್ರೀಮಾಂಟ್ ಜೀವನಕ್ರಮ ಸುಮಾರು 1300ರ ಹೊತ್ತಿಗೆ ಕಾಣದಾಯಿತು, ನಿಜ. ಅದರರ್ಥ ಜನರೆಲ್ಲ ಮಾಯವಾದರು ಅಂತಲ್ಲ. ಹೋಪಿ ಜನ ಅವರನ್ನು ತಮ್ಮ ಪೂರ್ವಜರ ಸಾಲಿನಲ್ಲಿ ಎಣಿಸುತ್ತಾರೆ. ಯೂಟಾ ಎಂಬ ಹೆಸರೇ ಯೂಟ್ ಜನರಿಂದ ಬಂದದ್ದು, ಅವರು ಇಂದಿಗೂ ಅಲ್ಲೇ ಇದ್ದಾರೆ.

2024ರಲ್ಲಿ ಅಮೆರಿಕದ ನಿಯಮಗಳು ಬದಲಾದವು. ಮೂಲನಿವಾಸಿಗಳ ಪವಿತ್ರ ವಸ್ತುಗಳನ್ನು, ಸಮಾಧಿಗಳಿಂದ ತೆಗೆದವನ್ನು ಪ್ರದರ್ಶಿಸಲು ಆಯಾ ಸಮುದಾಯದ ಒಪ್ಪಿಗೆ ಬೇಕು. ನ್ಯೂಯಾರ್ಕ್‌ನ ಪ್ರಸಿದ್ಧ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಆಗ ಎರಡು ದೊಡ್ಡ ವಿಭಾಗಗಳನ್ನೇ ಮುಚ್ಚಿತು. ನನ್ನ ಪ್ರಕಾರ ಇದು ಸರಿಯಾದ ದಾರಿ. ಅಲೋಸಾರಸ್ ಮೂಳೆಗೆ ವಾರಸುದಾರರಿಲ್ಲ, ಬೊಂಬೆಗೆ ಇದ್ದಾರೆ.

ಹೊರದೇಶದಲ್ಲಿ ಬೆಳೆಯುವ ನಮ್ಮ ಮಕ್ಕಳು ಆ ನೆಲದ ಹಳೆಯ ಜನರನ್ನು ಮೊದಲು ನೋಡುವುದು ಬಹಳ ಸಲ ಇಂಥ ಗಾಜಿನ ಪೆಟ್ಟಿಗೆಗಳಲ್ಲೇ. ಹಾಗಾಗಿ ಆ ಲೆಕ್ಕವನ್ನು ಕಾರಿನಲ್ಲೇ ಹೇಳಿಬಿಡಿ. ಬೊಂಬೆಗಳ ಮುಂದೆ ನಿಂತಾಗ 'ಇವರ ಮೊಮ್ಮಕ್ಕಳ ಮೊಮ್ಮಕ್ಕಳು ಈಗ ಎಲ್ಲಿದ್ದಾರೆ?' ಅಂತ ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಅಲ್ಲಿನ ಸಿಬ್ಬಂದಿಯನ್ನೇ ಕೇಳಲಿ. ಮಕ್ಕಳು ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ.